ಧಾರವಾಡ ಸಹೋದರಿಯರು

ಧಾರವಾಡ ಸಹೋದರಿಯರು ಧಾರವಾಡವನ್ನು ನೋಡಿದ್ದು ಬೇಸಿಗೆ ರಜೆಯಲ್ಲಿ ಮಾತ್ರ. ಹುಟ್ಟಿದ್ದು, ಬೆಳೆದದ್ದು, ಹಾಡಲು ಕಲಿತದ್ದು ಎಲ್ಲ ತಿರುವನಂತಪುರದಲ್ಲಿ. ಧಾರವಾಡ ಅವರ ಅಪ್ಪ ರುದ್ರಪ್ಪನವರದು. ರಾಕೆಟ್ ಸಂಸ್ಥೆಯಲ್ಲಿ ವಿಜ್ಞಾನಿಯಾದ ಅವರು ಊರು ಬಿಟ್ಟು ಬಹಳ ವರ್ಷಗಳಾಗಿದ್ದವು. ಮಕ್ಕಳ ಮೊದಲ ಕಚೇರಿಯ ಪೋಸ್ಟರಿಗೆ ಒಂದು ಜೋಡಿ ಹೆಸರು ಬೇಕೆಂದು ಸಭಾದವರು ಫೋನ್ ಮಾಡಿದಾಗ ಹಿಂದುಮುಂದು ನೋಡದೆ ಊರಿನ ಹೆಸರು ಕೊಟ್ಟುಬಿಟ್ಟರು. ಹೀಗಾಗಿ ಮೊದಮೊದಲು ನಮ್ಮ ಕಚೇರಿಗಳಿಗೆ ಹಿಂದೂಸ್ತಾನಿ ಕೇಳುವ ಆಸೆಯಿಂದ ಒಂದಷ್ಟು ಜನ ಬರುತ್ತಿದ್ದರು. ಕರ್ನಾಟಕ ಪದ್ಧತಿಯ ವರ್ಣ ಶುರುವಾದ ಕೂಡಲೇ ಅವರ ಮುಖ ಸಣ್ಣದಾಗುತ್ತಿತ್ತು. ಎದ್ದುಹೋದರೆ ಮರ್ಯಾದೆಯಲ್ಲವೆಂದು ಕೂತವರಲ್ಲಿ ಕೆಲವರು ಮುಂದೆ ನಮ್ಮ ಖಾಯಂ ಶ್ರೋತೃಗಳಾದರು. ಕರ್ನಾಟಕ ಸಂಗೀತಕ್ಕೆ ಇಷ್ಟು ಸುಲಭವಾಗಿ ಜನ ಸೇರಿಸಿದವರು ಬೇರೆ ಯಾರೂ ಇರಲಾರರು.

ನಮ್ಮ ಕಚೇರಿ ಎಂದೆ. ಮೈಸೂರಿನವನಾದ ನಾನು, ವಿಶ್ವೇಶ್ವರ, ಅವರಿಗೆ ಪಿಟೀಲು ನುಡಿಸುವವನು. ಹಗಲು ಆಡಿಟ್ ಆಫೀಸು, ಸಂಜೆ ಪಿಟೀಲು. ಎರಡೂ ಇನ್ನೊಬ್ಬರು ಮಾಡಿ ಮುಗಿಸಿದ್ದರ ಹಿಂದೆ ಹಿಂದೆ ಹೋಗುವ ಕೆಲಸ. ಹಿರಿಯವಳು ತೇಜಸ್ವಿನಿ, ಮೂರು ವರ್ಷಕ್ಕೆ ಚಿಕ್ಕವಳು ಮಹತಿ. ಇಬ್ಬರೂ ಮನೆಯಲ್ಲಿ ಕನ್ನಡದಲ್ಲಿ ಬೈಸಿಕೊಂಡು ಮಲಯಾಳದಲ್ಲಿ ಉತ್ತರ ಕೊಡುವವರು; ನನ್ನ ಮೇಲಿನ ಕರುಣೆಯಿಂದ ನನ್ನೆದುರು ಮಾತ್ರ ಅಪ್ಪನ ಕನ್ನಡ. ನನ್ನನ್ನು ಕರೆಯುತ್ತಿದ್ದದ್ದು ಕಾಕಾ ಎಂದು. ಕೇರಳದಲ್ಲಿ ಅದು ಕಾಗೆಯ ಹೆಸರಿಗೆ ತೀರಾ ಹತ್ತಿರ. ಬಸ್ಸಿನಲ್ಲಿ ಹಾಗೆ ಕೂಗಿದಾಗಲೆಲ್ಲ ಜನ ಕಿಟಕಿಯಾಚೆ ನೋಡುತ್ತಿದ್ದರು.

ಜೋಡಿ ಹಾಡುಗಾರಿಕೆಯಲ್ಲಿ ಹೊರಗಿನವರಿಗೆ ಕಾಣದ ಒಂದು ಏರ್ಪಾಡಿದೆ. ಇಬ್ಬರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವುದಿಲ್ಲ. ಒಬ್ಬಳು ಉಸಿರೆಳೆಯುವಾಗ ಇನ್ನೊಬ್ಬಳು ಸಾಲನ್ನು ಹಿಡಿದಿರುತ್ತಾಳೆ. ಅವಳು ಬಿಟ್ಟಾಗ ಇವಳು. ಕೇಳುವವರಿಗೆ ಎಲ್ಲೂ ತುಂಡಾಗದ ಒಂದೇ ದನಿ. ಚಿಕ್ಕಂದಿನಿಂದ ಹೀಗೆ ಹಾಡಿಕೊಂಡು ಬಂದರೆ, ಯಾವ ಉಸಿರು ಯಾರದೆಂಬುದು ಪಾಠದ ಜತೆಗೇ ಗಂಟಲಲ್ಲಿ ಕೂತುಬಿಡುತ್ತದೆ. ಸ್ವರ ಹಾಕುವಾಗಲೂ ಅಷ್ಟೇ. ಆ ಕ್ಷಣಕ್ಕೆ ಹೊಳೆದದ್ದನ್ನು ಸರಿಗಮದಲ್ಲಿ ಹಾಡುತ್ತ ಒಂದು ಸುತ್ತು ಮಹತಿ, ಒಂದು ಸುತ್ತು ತೇಜಸ್ವಿನಿ, ಆಮೇಲೆ ನಾನು. ಹಿರಿಯರು ಮೊದಲು ಎಂಬುದು ರೂಢಿ. ಚಿಕ್ಕವಳಿಗೆ ಕಾಯುವ ಬುದ್ಧಿಯಿಲ್ಲವೆಂದು ಗುರುಗಳೇ ಇಲ್ಲಿ ಅದನ್ನು ತಿರುವುಮುರುವು ಮಾಡಿದ್ದರು.

ತೇಜಸ್ವಿನಿ ನೌಕಾಪಡೆಗೆ ಹೋಗುವ ಸುದ್ದಿ ಹೇಳಿದ್ದು ಒಂದು ಭಾನುವಾರ, ಅಭ್ಯಾಸ ಮುಗಿಸಿ ಅವರ ಮನೆಯಲ್ಲಿ ಚಹಾಕ್ಕೆ ಕೂತಾಗ. ಇಂಜಿನಿಯರಿಂಗ್ ಮುಗಿಸಿದ್ದಳು. ಗೆಳತಿಯ ಮದುವೆಯೆಂದು ಬೆಂಗಳೂರಿಗೆ ಹೋದದ್ದು ಆಯ್ಕೆಯ ಸಂದರ್ಶನಕ್ಕೆಂದು ನಮಗೆ ಆಗ ಗೊತ್ತಾಯಿತು. ಬಾಳೆಹಣ್ಣಿನ ಪಳಂಪೊರಿಯ ತಟ್ಟೆಯನ್ನು ನನ್ನ ಕಡೆ ಸರಿಸುತ್ತ, ಮುಂದಿನ ಕಚೇರಿಯ ದಿನಾಂಕ ಹೇಳಿದಷ್ಟೇ ಸಲೀಸಾಗಿ ಹೇಳಿದಳು.

ರುದ್ರಪ್ಪನವರಿಗೆ ಮೊದಲು ತಲೆಗೆ ಹೋಗಲಿಲ್ಲ. "ನೇವಿಯೊಳಗ ಬ್ಯಾಂಡ್ ಚಲೋ ಐತಿ ಬಿಡವಾ. ಆದ್ರ ಅಲ್ಲಿ ನಿಂಗ ಹಾಡಾಕ ಯಾರು ಬಿಡ್ತಾರ? ತುತ್ತೂರಿ ಊದಸ್ತಾರ."

"ಬ್ಯಾಂಡ್ ಅಲ್ಲಪ್ಪಾ. ಆಫೀಸರ್."

"ಬ್ಯಾಂಡಿನ ಆಫೀಸರ್?"

"ಅಕಿ ಸಮುದ್ರಕ್ಕ ಹೊಂಟಾಳ್ರಿ," ಎಂದರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಶಾಂತಾ. "ನೀವು ಇನ್ನೂ ತುತ್ತೂರಿ ಹಿಡ್ಕೊಂಡು ಕುಂತೀರಿ."

ಹಾಡು ಬಿಟ್ಟವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಮದುವೆಗೆ ಬಿಟ್ಟವರಿದ್ದಾರೆ, ಅತ್ತೆಗೆ ಬಿಟ್ಟವರಿದ್ದಾರೆ. ಒಬ್ಬರು ತಮ್ಮ ಹಾಡಿನ ಧ್ವನಿಮುದ್ರಣ ತಾವೇ ಕೇಳಿ ಬಿಟ್ಟರು, ಅವರ ಬಗ್ಗೆ ನನಗೆ ಗೌರವ. ಸೈನ್ಯಕ್ಕೆ ಬಿಟ್ಟವರನ್ನು ಕಂಡಿರಲಿಲ್ಲ.

"ಯಾಕಮ್ಮ?" ಎಂದೆ.

"ಕಾಕಾ, ಯಾವ ಸಭಾದವರರ ನನ್ನ 'ತೇಜಸ್ವಿನಿ ಬಾ' ಅಂತ ಕರದಾರೇನು? 'ಸಿಸ್ಟರ್ಸ್ ಬರ್ರಿ' ಅಂತಾರ. ಅಲ್ಲೆ ಎದಿ ಮ್ಯಾಲೆ ಹೆಸರು ಹಾಕ್ತಾರ. ಒಂದ ಹೆಸರು."

ಎಲ್ಲರಿಗೂ ಒಂದೇ ಬಟ್ಟೆ ಹಾಕುವ ಕಡೆ ಹೋಗಿ ತನ್ನದೇ ಹೆಸರು ಪಡೆಯುವುದು ನನಗೆ ವಿಚಿತ್ರವಾಗಿ ಕಂಡಿತು. ಆದರೆ ಹುಡುಗಿ ತಮಾಷೆ ಮಾಡುತ್ತಿರಲಿಲ್ಲ.

ಅಲ್ಲಿಯವರೆಗೆ ಮಹತಿ ತಟ್ಟೆಯನ್ನೇ ನೋಡುತ್ತಿದ್ದಳು. ಅಕ್ಕನನ್ನು ಅವಳು ಕರೆಯುತ್ತಿದ್ದದ್ದು ಮಾತ್ರ ಮಲಯಾಳದ ಚೇಚಿ ಎಂದೇ. "ಚೇಚೀ, ಅದಕ್ಕ ಶಾರ್ಟ್ ಸರ್ವಿಸ್ ಅಂತಾರಲ್ಲ. ಶಾರ್ಟ್ ಅಂದ್ರ ಎಷ್ಟು?"

"ಹತ್ತು ವರ್ಷ."

"ಅದು ಶಾರ್ಟಾ?"

"ಅವರ ಲೆಕ್ಕದಾಗ."

ಮಹತಿ ತಲೆಯಾಡಿಸಿದಳು. ಮೂರು ತಿಂಗಳು ಎಂದಿದ್ದರೂ ಅಷ್ಟೇ ಆಡಿಸುತ್ತಿದ್ದಳೋ ಏನೋ. ಅವಳ ಮಟ್ಟಿಗೆ ಅಕ್ಕ ಹೋಗುತ್ತಿದ್ದಳು, ಆಮೇಲೆ ಬರುತ್ತಿದ್ದಳು. ನಡುವಿನ ಕಾಲ ಎಷ್ಟಾದರೂ ಅದು ನಡುವಿನ ಕಾಲ.

ತಂಪಾನೂರಿನ ರೈಲು ನಿಲ್ದಾಣಕ್ಕೆ ಎಲ್ಲರೂ ಹೋದೆವು. ತರಬೇತಿಯ ಅಕಾಡೆಮಿ ದೂರದ ಉತ್ತರ ಕೇರಳದಲ್ಲಿ. ಮಹತಿ ಅಕ್ಕನ ಕೈಗೆ ಜ್ಯೇಷ್ಠಮಧುವಿನ ಪೊಟ್ಟಣ ಕೊಟ್ಟಳು.

"ಗಂಟಲು ನೋಡ್ಕೋ ಚೇಚೀ. ದಿನಾ ಬೆಳಿಗ್ಗೆ ಸಾಧನೆ ಮಾಡು."

"ನಾಲ್ಕಕ್ಕ ಎಬ್ಬಸ್ತಾರಂತ. ನಮ್ಮ ಗುರುಗಳ ಹಂಗ."

"ಹಂಗಾರ ಮಾಡ್ತಿ?"

"ನೋಡೂಣು."

ರೈಲು ಹೊರಟಿತು. ರುದ್ರಪ್ಪನವರು ವೃತ್ತಿಯ ಅಭ್ಯಾಸದಂತೆ ಅದು ಕಣ್ಣಿನಿಂದ ಮರೆಯಾಗುವವರೆಗೂ ದಿಟ್ಟಿಸಿ ನೋಡಿ, "ಹೋತು," ಎಂದರು. ಆಮೇಲೆ ಪಾರ್ಕಿಂಗಿನಲ್ಲಿ ಕಾರು ಎಲ್ಲಿ ನಿಲ್ಲಿಸಿದ್ದರೆಂಬುದು ಅವರಿಗೆ ನೆನಪಾಗಲಿಲ್ಲ.

ಮಹತಿಯ ಮೊದಲ ಒಂಟಿ ಕಚೇರಿ ಎರಡು ತಿಂಗಳ ನಂತರ ತಿರುವನಂತಪುರದಲ್ಲೇ ನಡೆಯಿತು. ವೇದಿಕೆಯ ಹುಡುಗರು ನಡುವೆ ಹಾಸಿದ ಚಾಪೆಯಲ್ಲಿ ಅವಳು ಎಂದಿನಂತೆ ಬಲಕ್ಕೆ ಸರಿದು ಕೂತಳು. ಮೈಕು ಅವಳ ಹಿಂದೆ ಹೋಯಿತು. ಹಾಡು ಶುರುವಾದ ಮೇಲೆ ನನಗೆ ಅರ್ಥವಾಯಿತು. ಎಲ್ಲೆಲ್ಲಿ ಅಕ್ಕ ಸಾಲು ಹಿಡಿದಾಗ ತಾನು ಉಸಿರೆಳೆಯುತ್ತಿದ್ದಳೋ ಅಲ್ಲೆಲ್ಲ ಹಾಡು ನಿಂತೇಹೋಗುತ್ತಿತ್ತು, ಬಾಯಿ ತೆರೆದುಕೊಂಡೇ. ಸ್ವರಕ್ಕೆ ಬಂದಾಗ ಇನ್ನೂ ಸ್ಪಷ್ಟವಾಯಿತು. ತನ್ನ ಸುತ್ತು ಹಾಡಿ ನಿಲ್ಲಿಸಿ ಎಡಕ್ಕೆ ನೋಡಿದಳು. ಅಲ್ಲಿ ಖಾಲಿ ಚಾಪೆಯಿತ್ತು. ಹಾಡುವವರು ಕಣ್ಣಿನಲ್ಲಿ ಸರದಿ ಕೊಡುವವರೆಗೆ ಪಕ್ಕವಾದ್ಯದವನು ಬಾಯಿ ಹಾಕುವಂತಿಲ್ಲ. ನಾನು ಕಾದೆ. ಒಂದು ಪೂರ್ತಿ ತಾಳದ ಸುತ್ತು ಖಾಲಿ ಹೋಯಿತು. ಆಮೇಲೆ ನನ್ನ ಕಡೆ ನೋಡಿದಳು.

ಒಂದು ಇಂಗ್ಲಿಷ್ ಪತ್ರಿಕೆಯ ವಿಮರ್ಶಕರು ಬಂದಿದ್ದರು. ಈ ಯುವ ಗಾಯಕಿ ಮೌನವನ್ನು ಬಳಸಿಕೊಳ್ಳುವ ಪ್ರೌಢಿಮೆ ಹಿರಿಯರಲ್ಲೂ ಅಪರೂಪ ಎಂದು ಬರೆದರು. ಆಮಂತ್ರಣಗಳು ಬರತೊಡಗಿದವು. ಜನ ಮೌನಕ್ಕಾಗಿ ಬಂದು, ಅದು ಬಂದಾಗ ತಲೆದೂಗಿದರು.

"ಅದು ಮೌನ ಅಲ್ಲ ಮಾರಾಯ್ರೇ, ಆಬ್ಸೆಂಟ್," ಎಂದ ಸುಜನ್. ಕಾಸರಗೋಡಿನ ಹುಡುಗ, ಇಲ್ಲಿನ ಯೂನಿವರ್ಸಿಟಿಯಲ್ಲಿ ಓದುತ್ತ ನಮಗೆ ಮೃದಂಗ ನುಡಿಸುತ್ತಿದ್ದ. "ನಮ್ಮ ಕಾಲೇಜಲ್ಲಾದ್ರೆ ಹೀಗೆ ಮಾಡಿದ್ರೆ ಪರೀಕ್ಷೆಗೆ ಕೂರಿಸುದಿಲ್ಲ."

ಮಹತಿಯ ಎದುರಿಗೂ ಅವನು ಹೇಳಿದ. "ಎಷ್ಟು ದಿನ ಅಂತ ಖಾಲಿ ಬಿಡುದು ಮಾರಾಯ್ತಿ? ಅಲ್ಲಿ ನಾನು ಒಬ್ಬನೇ ತಾಳ ಹಿಡ್ಕೊಂಡು ಕೂತದ್ದು, ಬಸ್ಸು ಬಾರದ ಸ್ಟಾಪಲ್ಲಿ ಕೂತ ಹಾಗೆ ಆಗ್ತದೆ."

"ಚೇಚಿ ಬಂದ್ರ ಜಾಗಾ ಇರಬೇಕಲ್ಲ," ಎಂದಳು ಮಹತಿ. "ನಾ ಒಮ್ಮೆ ತುಂಬಿ ಹಾಡಾಕ ಕಲಿತೆ ಅಂದ್ರ ಅಕಿ ಎಲ್ಲಿ ಬರ್ತಾಳ?"

ಸುಜನ್‌ ಮೃದಂಗದ ಗವಸಿನ ಜಿಪ್ ಎಳೆದ.

ಅಕಾಡೆಮಿಯ ಕೊನೆಯ ಪರೇಡಿಗೆ ರುದ್ರಪ್ಪ ದಂಪತಿಗಳು ಹೋಗಿಬಂದರು. ಮಹತಿಗೆ ಅಂದು ಕಚೇರಿಯಿತ್ತು. ಮಗಳ ಹೆಗಲ ಪಟ್ಟಿ ತೊಡಿಸುವ ಶಾಸ್ತ್ರ ಅಪ್ಪ ಅಮ್ಮನದಂತೆ. ರುದ್ರಪ್ಪನವರು ಫೋಟೋ ತೋರಿಸುತ್ತ ನಕ್ಕರು, ಕಣ್ಣು ಒರೆಸಿಕೊಂಡರು, ಮತ್ತೆ ಅದೇ ಫೋಟೋ ತೋರಿಸಿದರು. ಶಾಂತಾ ಆಮೇಲೆ ನನ್ನೊಬ್ಬನಿಗೆ ಹೇಳಿದರು: "ಮೈದಾನದಾಗ ಯಾರೋ ಹುಡುಗಿ ಆರ್ಡರ್ ಕೊಡಾಕ ಹತ್ತಿದ್ಲು. ಯಾರ ಮಗಳೋ ಪಾಪ, ಗಂಟಲು ಹರಕೊಳ್ಳಾಕತ್ತಾಳ ಅಂದೆ ನಾ. ಇವರು ಹೇಳಿದ ಮ್ಯಾಲೆ ಗೊತ್ತಾತು, ನಮ್ಮ ತೇಜೂನ."

ತೇಜಸ್ವಿನಿಯನ್ನು ಮುಂದಿನ ತರಬೇತಿಗೆ ಕೊಚ್ಚಿಗೆ ಹಾಕಿದರು. ಅದೇ ಸಮಯಕ್ಕೆ ಎರ್ನಾಕುಳಂನ ಒಂದು ದೊಡ್ಡ ಸಭಾದಿಂದ ಮಹತಿಗೆ ಉತ್ಸವದ ಮುಖ್ಯ ದಿನದ ಆಮಂತ್ರಣ ಬಂತು. ಅಲ್ಲಿ ಗೆದ್ದರೆ ಚೆನ್ನೈಯವರೂ ಕರೆಯುತ್ತಾರೆ; ಅಲ್ಲಿ ಬಿದ್ದವರನ್ನು ತ್ರಿಶೂರಿನವರೂ ಕರೆಯುವುದಿಲ್ಲ. ಸಭಾದ ಕಾರ್ಯದರ್ಶಿ ಫೋನಿನಲ್ಲಿ ಮಗಳೆಂದೇ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಮೋಳೇ, ಪೋಸ್ಟರಿಗೆ ಏನು ಹಾಕಲಿ? ಒಬ್ಬಳೋ, ಇಬ್ಬರೋ?"

ಮಹತಿ ಇಬ್ಬರು ಎಂದಳು. ಅಕ್ಕನನ್ನು ಕೇಳಿರಲಿಲ್ಲ. ನನಗೆ ಹೇಳಿದ್ದು ರೈಲು ಆಲಪ್ಪುಳ ದಾಟಿದ ಮೇಲೆ.

"ತರಬೇತಿಯಲ್ಲಿರುವ ಆಫೀಸರು ಟಿಕೆಟ್ ಇಟ್ಟ ಕಚೇರಿಯಲ್ಲಿ ಹಾಡಬಹುದೇನಮ್ಮ?"

"ಒಂದ ಹಾಡು ಕಾಕಾ. ಅಕಿ ಇರೋ ವಿಲ್ಲಿಂಗ್ಡನ್ ಐಲ್ಯಾಂಡಿನಿಂದ ಸೇತುವೆ ದಾಟಿದ್ರ ಹಾಲ್ ಐತಿ. ಒಂದ ಹಾಡಿಗೆ ಬರಂಗಿಲ್ಲ ಅಂದ್ರ ಹೆಂಗ?"

ಎದುರು ಸೀಟಿನಲ್ಲಿದ್ದ ಸುಜನ್ ನನ್ನನ್ನು ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಹಾಲ್‌ನ ಗೇಟಿನಲ್ಲಿ ಪೋಸ್ಟರ್ ನಮಗಿಂತ ಮೊದಲೇ ಬಂದು ನಿಂತಿತ್ತು: ಧಾರವಾಡ ಸಹೋದರಿಯರು, ಇಬ್ಬರ ಹಳೆಯ ಫೋಟೋ, ಒಂದೇ ಬಣ್ಣದ ಸೀರೆ.

ತೇಜಸ್ವಿನಿ ಗ್ರೀನ್‌ರೂಮಿಗೆ ಬಂದಾಗ ಮೊದಲು ಗುರುತು ಸಿಗಲಿಲ್ಲ. ಇಸ್ತ್ರಿ ಮಾಡಿದ ಶರ್ಟು, ಪ್ಯಾಂಟು, ಕತ್ತಿನ ಮೇಲಕ್ಕೆ ಏರಿದ ಕೂದಲು. ನಿಂತ ನಿಲುವು ನೋಡಿದರೆ ನಾವೆಲ್ಲ ಬಾಗಿಕೊಂಡು ಕೂತಿದ್ದೇವೆಂದು ನಮಗೇ ಅನ್ನಿಸುವಂತಿತ್ತು.

"ಆರಾಮ ಅದೀರಿ ಕಾಕಾ?"

ಮರಳಿನ ಮೇಲೆ ದೋಣಿ ಎಳೆದಂಥ ದನಿ.

"ಶೀತವೇನಮ್ಮ?"

"ಇಲ್ಲ ಕಾಕಾ. ಈಗ ಇದ ನನ್ನ ದನಿ."

ಮಹತಿಗೆ ಅದು ಕೇಳಿಸಿಯೂ ಕೇಳಿಸಲಿಲ್ಲ. ಅಕ್ಕನ ಕೈ ಹಿಡಿದುಕೊಂಡಿದ್ದಳು. "ಪೋಸ್ಟರ್ ನೋಡಿದಿ?"

"ನೋಡಿದೆ. ಆ ಸೀರಿಯೊಳಗ ಇಬ್ಬರೂ ಬದನಿಕಾಯಿ ಕಂಡಂಗ ಕಾಣ್ತೀವಿ."

"ಒಂದ ಹಾಡು ಚೇಚೀ. ಕಲ್ಯಾಣಿ. ಮ್ಯಾಲೆ ನಾ ಹೋಗ್ತೀನಿ, ನೀ ಕೆಳಗ ಇರು."

"ಮಹೀ, ನಾ ಹಾಡಂಗಿಲ್ಲ."

"ಪರ್ಮಿಷನ್ ಕೊಡಲಿಲ್ಲೇನು?"

"ನಾ ಕೇಳೇ ಇಲ್ಲ."

ಮಹತಿ ಫೋನಿನ ತಂಬೂರಿ ಹಾಕಿ ಮೇಜಿನ ಮೇಲಿಟ್ಟಳು. "ಸಾ ಹಿಡಿ."

ತೇಜಸ್ವಿನಿ ಹಿಡಿದಳು. ಷಡ್ಜ ಬಂತು, ಅಂಚು ಸವೆದು. ಪಂಚಮ ಎರಡು ಸೀಳಾಗಿ ಬಂತು. ಮೇಲಿನ ಷಡ್ಜಕ್ಕೆ ಗಾಳಿ ಮಾತ್ರ. ಅವಳು ನಾಚಿ ನಿಲ್ಲಿಸಲಿಲ್ಲ. ಕೆಟ್ಟ ಯಂತ್ರವನ್ನು ಮೆಕ್ಯಾನಿಕ್‌ಗೆ ತೋರಿಸುವವರ ಹಾಗೆ ಮತ್ತೊಮ್ಮೆ ಹತ್ತಿ, ಅದೇ ಜಾಗದಲ್ಲಿ ಬೆರಳೆತ್ತಿದಳು. "ನೋಡು, ಇಲ್ಲಿಗೆ ನಿಲ್ತೈತಿ."

"ಡಾಕ್ಟರಿಗೆ ತೋರಿಸ್ದಿ?"

"ತೋರಿಸ್ದೆ. ಒಂದು ತಿಂಗಳು ಬಾಯಿ ತಗೀಬ್ಯಾಡ ಅಂದ್ರು. ಪರೇಡ್ ಇತ್ತು."

"ಬ್ಯಾರೆ ಯಾರರ ಕೂಗಬಹುದಿತ್ತಲ್ಲ!"

"ಕೂಗಬಹುದಿತ್ತು. ಅವರೂ ಹಂಗ ಅಂದ್ರು. ನಾನ ಕೇಳಿ ತಗೊಂಡೆ." ಆಮೇಲೆ ನನ್ನ ಕಡೆ ತಿರುಗಿದಳು, ಅದನ್ನು ತಂಗಿಗೆ ನೇರವಾಗಿ ಹೇಳಲು ಆಗದೆ. "ಆ ಮೈದಾನದಾಗ ನಾ ಒಂದು ಮಾತು ಅಂದ್ರ ಅಷ್ಟೂ ಬೂಟು ಒಮ್ಮೆಲೆ ತಿರಗತಾವ ಕಾಕಾ. ನನ್ನೊಬ್ಬಾಕಿ ದನಿಗೆ. ಸಭಾದಾಗ ನನ್ನ ಸುತ್ತು ಬಂದಾಗ ಯಾರರ ನೋಡ್ತಿದ್ರೇನು? ಚಹಾಕ್ಕ ಎದ್ದು ಹೋಗಾವರು ಅಷ್ಟ."

"ನಾ ನೋಡ್ತಿದ್ದೆ," ಎಂದಳು ಮಹತಿ.

ತಂಬೂರಿ ತನ್ನ ಪಾಡಿಗೆ ನುಡಿಯುತ್ತಿತ್ತು.

"ಹೌದು. ಅದಕ್ಕ ಅಷ್ಟು ವರ್ಷ ಇದ್ದೆ."

"ಹತ್ತು ವರ್ಷ ಆದ ಮ್ಯಾಲೆ? ಗಂಟಲು ತಿದ್ದಬಹುದು. ಎಲ್ಲಾರೂ ತಿದ್ದಿಸ್ಕೋತಾರ. ನಾ ಜಾಗಾ ಬಿಟ್ಟೀನಿ ಚೇಚೀ, ಪ್ರತಿ ಕಚೇರಿಯೊಳಗ. ಬೇಕಾರ ಕಾಕಾನ್ನ ಕೇಳು."

ತೇಜಸ್ವಿನಿ ನನ್ನನ್ನು ಕೇಳಲಿಲ್ಲ, ನೋಡಿದಳು. "ಬಿಡ್ತಾಳೆ," ಎಂದೆ. "ಪೇಪರಿನವರು ಹೊಗಳ್ತಾರೆ."

"ಬಿಡಬ್ಯಾಡ."

ತೇಜಸ್ವಿನಿ ಜೋರಾಗಿ ಏನೂ ಹೇಳಿರಲಿಲ್ಲ. ಆದರೂ ಮೂಲೆಯಲ್ಲಿ ಮೃದಂಗದ ಎಡಮುಖಕ್ಕೆ ರವೆ ಹಚ್ಚುತ್ತಿದ್ದ ಸುಜನ್ ತನಗರಿವಿಲ್ಲದೆ ನೆಟ್ಟಗೆ ಕೂತ.  ತಾಯಿಗೆ ಗುರುತು ಸಿಗದಿದ್ದ ದನಿ ಯಾವುದೆಂದು ನನಗೆ ಆಗ ತಿಳಿಯಿತು. ಅದರಲ್ಲಿ ಕೋಪವಿರಲಿಲ್ಲ. ಪ್ರೀತಿ ಇರಲಿಲ್ಲವೆಂದೂ ಹೇಳಲಾರೆ. ಕೇಳಿದವರು ಮಾಡುತ್ತಾರೆಂಬ ನಂಬಿಕೆ ಇತ್ತು, ಅಷ್ಟೇ. ತೇಜಸ್ವಿನಿಯೂ ಅದನ್ನು ಕೇಳಿಸಿಕೊಂಡಿರಬೇಕು. ತಂಗಿಯ ಸೀರೆಯ ನೆರಿಗೆ ಬಗ್ಗಿ ಸರಿಮಾಡಿದಳು, ಅದು ಸರಿಯಾಗಿಯೇ ಇದ್ದರೂ.

"ಒಂಬತ್ತಕ್ಕ ಮೆಸ್ಸಿನೊಳಗ ಊಟ ಐತಿ. ಎಲ್ಲಾರೂ ಇರಬೇಕು. ಕಲ್ಯಾಣಿ ತನಕ ಕೂತಿರ್ತೀನಿ."

ಕಾರ್ಯದರ್ಶಿಯವರು ಮೈಕಿನಲ್ಲಿ, ಹಿರಿಯ ಸಹೋದರಿ ದೇಶಸೇವೆಯಲ್ಲಿರುವುದರಿಂದ ಇಂದು ನಮ್ಮೊಂದಿಗೆ ಶ್ರೋತೃವಾಗಿ ಕೂತಿದ್ದಾರೆ ಎಂದರು. ಭಾರೀ ಚಪ್ಪಾಳೆ. ತೇಜಸ್ವಿನಿ ಎದ್ದು ನಿಂತು ತಲೆ ಬಾಗಿಸಿ ಕೂತಳು. ಅವಳೊಬ್ಬಳಿಗೇ ಎಂದು ಸಭೆಯೊಂದು ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಹಾಡದೇ ಇದ್ದದ್ದಕ್ಕೆ.

ಮೊದಲ ಮೂರು ಹಾಡುಗಳಲ್ಲಿ ಮಹತಿ ಎಲ್ಲ ಜಾಗಗಳನ್ನೂ ಬಿಟ್ಟಳು. ಸಭೆ ತಲೆದೂಗಿತು. ಪ್ರತಿ ಜಾಗದಲ್ಲೂ ಅವಳ ಕಣ್ಣು ಮುಂದಿನ ಸಾಲಿಗೆ ಹೋಗಿ ಬಂತು. ತೇಜಸ್ವಿನಿ ತೊಡೆಯ ಮೇಲೆ ತಾಳ ಹಾಕುತ್ತ ತುಟಿ ಬಿಗಿ ಹಿಡಿದು ಕೂತಿದ್ದಳು. ಕಲ್ಯಾಣಿಯ ಆಲಾಪನೆ ಮುಗಿದು ಕೀರ್ತನೆ ಎತ್ತಿಕೊಂಡಾಗ ಗಡಿಯಾರ ನೋಡಿ ಎದ್ದಳು. ಯಾರ ಕಾಲಿಗೂ ತಾಗದಂತೆ ಸಾಲಿನಿಂದ ಸರಿದು, ಬಾಗಿಲಲ್ಲಿ ಒಂದು ಕ್ಷಣ ನಿಂತಳು. ತಿರುಗಿ ನೋಡಲಿಲ್ಲ. ಬಾಗಿಲು ಮುಚ್ಚುವಾಗ ಸದ್ದಾಗದ ಹಾಗೆ ಕೈಯಿಂದ ಹಿಡಿದು ಬಿಟ್ಟಳು.

ಮಹತಿ ಅದನ್ನು ನೋಡುತ್ತ ಹಾಡಿದಳು. ಸಾಲು ಅಲುಗಲಿಲ್ಲ.

ಸ್ವರ ಶುರುವಾಯಿತು. ಅವಳ ಸುತ್ತು ಮುಗಿಯಿತು. ನಾನು ಕಮಾನನ್ನು ತಂತಿಯ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ಹಿಡಿದು ಕಾಯಲು ಸಿದ್ಧನಾದೆ. ಸುಜನ್ ಬೆರಳುಗಳನ್ನು ಮೆತ್ತಗೆ ಮಾಡಿಕೊಂಡ. ಸಭೆಯೂ ತನಗೆ ಗೊತ್ತಿದ್ದ ಮೌನಕ್ಕಾಗಿ ಸ್ವಲ್ಪ ಮುಂದಕ್ಕೆ ಬಾಗಿತು.

ಅವಳು ನಿಲ್ಲಲಿಲ್ಲ. ತನ್ನ ಕೊನೆಯ ಸ್ವರದಿಂದಲೇ ಅಕ್ಕನ ಸುತ್ತಿಗೆ ಕಾಲಿಟ್ಟಳು. ಮೊದಲ ಎರಡು ತುಣುಕು ತೇಜಸ್ವಿನಿಯವೇ: ಕೆಳಗಿನ ನಿಷಾದದಲ್ಲಿ ಕೂತು, ಅವಸರವಿಲ್ಲದೆ ಸುತ್ತಮುತ್ತ ನೋಡಿ ಹೊರಡುವ ಅವಳ ರೀತಿ. ಮೂರನೆಯದು ಯಾರದೂ ಆಗಿರಲಿಲ್ಲ. ನಾಲ್ಕನೆಯದರಲ್ಲಿ ಮಹತಿ ಮೇಲಕ್ಕೆ ಹೊರಟಳು. ಅಲ್ಲಿ ಉಸಿರು ಮುಗಿಯಿತು. ಆ ಜಾಗದಲ್ಲಿ ಹೇಗೆ ಉಸಿರು ತೆಗೆದುಕೊಳ್ಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಆ ಜಾಗದಲ್ಲಿ ಅವಳಿಗೆ ಉಸಿರು ಎಂದೂ ಬೇಕಾಗಿರಲಿಲ್ಲ. ಗಾಂಧಾರ ದಾಟಿದ ಮೇಲೆ, ತುಣುಕಿನ ನಟ್ಟನಡುವೆ, ಮೈಕಿಗೆ ಪೂರ್ತಿ ಕೇಳುವಂತೆ ಎಳೆದುಕೊಂಡಳು. ನೀರಿನಿಂದ ಮೇಲೆದ್ದವರ ಉಸಿರು. ಮೂರನೇ ಸಾಲಿನಲ್ಲಿ ಒಬ್ಬರು ಪಕ್ಕದವರ ಮುಖ ನೋಡಿದರು. ಅವಳು ಉಳಿದದ್ದನ್ನು ಹಾಡಿ, ಷಡ್ಜಕ್ಕೆ ತಲುಪಿ, ಸುತ್ತು ಮುಗಿಸಿ, ನನ್ನ ಕಡೆ ತಿರುಗಿದಳು. ಕಣ್ಣು ಒದ್ದೆಯಾಗಿತ್ತು; ಸರದಿಯನ್ನು ಮಾತ್ರ ಸರಿಯಾಗಿ ಕೊಟ್ಟಳು.

ಅವಳು ಹಾಡಿದ್ದನ್ನು ನಾನು ನುಡಿಸಬೇಕು. ನುಡಿಸಿದೆ: ಅಕ್ಕನ ಎರಡು ತುಣುಕು, ಯಾರದೂ ಅಲ್ಲದ ಒಂದು, ಆಮೇಲೆ ಅವಳ ಏರಿಕೆ. ಪಿಟೀಲಿಗೆ ಉಸಿರು ಬೇಡ. ಕಮಾನು ತಿರುಗಿಸಿದರೆ ಸಾಲು ಎಷ್ಟು ದೂರ ಬೇಕಾದರೂ ತುಂಡಾಗದೆ ಹೋಗುತ್ತದೆ. ಗಾಂಧಾರ ದಾಟಿದ ಮೇಲೆ, ಅವಳು ಉಸಿರೆಳೆದ ಜಾಗ ಬಂದಾಗ, ನಾನು ಕಮಾನು ಎತ್ತಿದೆ. ಅಷ್ಟೇ ಹೊತ್ತು ಎತ್ತಿ ಹಿಡಿದು, ಮತ್ತೆ ತಂತಿಯ ಮೇಲಿಟ್ಟೆ.